ಬೈಲು ಮುಚ್ಚುವ ಕಡತದಲ್ಲಿ ಇಲಿ ಜ್ವರಕ್ಕೂ ಒಂದು ಪುಟ ಇರಲಿ: ಕರಾವಳಿಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಉಡುಪಿ, ದಕ್ಷಿಣ ಕನ್ನಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ

ವಿಷಯ: ಭತ್ತದ ಗದ್ದೆಗಳ ಭೂ ಪರಿವರ್ತನೆ ಮತ್ತು ಇಲಿ ಜ್ವರ

ಮಾನ್ಯರೇ,

ಇಲಿ ಜ್ವರದ ಕಡತ ಆರೋಗ್ಯ ಇಲಾಖೆಯಲ್ಲಿದೆ. ಆ ಜ್ವರ ಹುಟ್ಟುವ ನೆಲದ ಕಡತ ತಮ್ಮ ಮೇಜಿನ ಮೇಲಿದೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಈ ಎರಡನ್ನೂ ಯಾರೂ ಒಟ್ಟಿಗೆ ತೆರೆದು ನೋಡಿದ್ದನ್ನು ಕಾಣಲಿಲ್ಲ. ಇನ್ನಾದರೂ ಒಟ್ಟಿಗೆ ತೆರೆಯಿರಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕರಾವಳಿಯ ಹಳ್ಳಿಯವನು. ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನಾಗಿದ್ದು ನಿವೃತ್ತನಾದವನು. ಜ್ವರದ ಸಮೀಕ್ಷೆಗೆ ಮನೆ ಮನೆ ತಿರುಗುವುದು, ರಕ್ತದ ಲೇಪ ತೆಗೆಯುವುದು, ಸೊಳ್ಳೆ ಮರಿ ಹುಡುಕುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಇದೇ ನಮ್ಮ ಕೆಲಸ. ಬಾಗಿಲವರೆಗೆ ಹೋಗುವವರು ನಾವು. ಹಾಗಾಗಿ ಕಾಯಿಲೆಯ ಜೊತೆಗೆ ಆ ಮನೆಯ ದನದ ಹಟ್ಟಿ, ಅಂಗಳ, ನೀರು ಹರಿಯುವ ತೋಡು, ಹಿತ್ತಲಿನ ಗದ್ದೆ ಎಲ್ಲವೂ ನಮ್ಮ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಯಲ್ಲಿ ಕೂತ ಡಾಕ್ಟರಿಗೆ ಕಾಣುವುದು ರೋಗಿ ಮಾತ್ರ. ಅದು ಅವರ ತಪ್ಪಲ್ಲ.

ತಮ್ಮಲ್ಲಿ ಕೆಲವರು ಬೇರೆ ಕಡೆಯಿಂದ ಬಂದಿರುತ್ತೀರಿ. ಹಾಗಾಗಿ ಕಾಯಿಲೆಯ ಬಗ್ಗೆ ಮೊದಲು ನಾಲ್ಕು ಮಾತು ಹೇಳಿಬಿಡುತ್ತೇನೆ. ಇಲಿ ಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಇದರ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಇರುತ್ತದೆ. ಇಲಿಗೆ ಅದರಿಂದ ಏನೂ ಆಗುವುದಿಲ್ಲ. ಅದು ತಿಂದುಂಡು ಓಡಾಡಿಕೊಂಡೇ ತಿಂಗಳುಗಟ್ಟಲೆ ಮೂತ್ರದಲ್ಲಿ ರೋಗ ಬಿಡುತ್ತಾ ಹೋಗುತ್ತದೆ. ದನ, ನಾಯಿ, ಹಂದಿಗಳೂ ಇದನ್ನು ಹೊರುವುದುಂಟು. ಒಣಗಿದ ನೆಲದಲ್ಲಿ, ಬಿಸಿಲಲ್ಲಿ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣು, ನಿಂತ ನೀರು, ಬೆಚ್ಚಗಿನ ಹವೆ ಸಿಕ್ಕರೆ ವಾರಗಟ್ಟಲೆ ಉಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಈ ಮೂರಕ್ಕೂ ಬರವಿಲ್ಲ.

ಒಡೆದ ಹಿಮ್ಮಡಿ, ಮುಳ್ಳು ತಾಗಿದ ಗಾಯ, ನೀರಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಬಾಯಿ, ಎಲ್ಲಿಂದ ಬೇಕಾದರೂ ಅದು ಮೈಯೊಳಗೆ ಹೋಗಬಹುದು. ಒಂದೆರಡು ವಾರದಲ್ಲಿ ಜ್ವರ ಏರುತ್ತದೆ. ತಲೆನೋವು, ಮೈಕೈ ನೋವು, ಅದರಲ್ಲೂ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಹೆಚ್ಚಿನವರು ಗುಣವಾಗುತ್ತಾರೆ. ಕೆಲವರಿಗೆ ಕಣ್ಣು ಹಳದಿಯಾಗುತ್ತದೆ, ಮೂತ್ರ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ರಕ್ತ ಒಸರುತ್ತದೆ. ಮೊದಲ ದಿನಗಳಲ್ಲೇ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಸಿಕ್ಕರೆ ಉಳಿಯುವ ಜೀವಗಳು ಇವು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಇದು ತಗಲುತ್ತದೆ, ಸುಮಾರು 59,000 ಜನ ಸಾಯುತ್ತಾರೆ ಅಂತ 2015ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಇದು ಜಾಸ್ತಿ ಕಾಣುವ ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಪಟ್ಟಿಯಲ್ಲಿ ಕೇರಳ, ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಅಂಡಮಾನ್‌ಗಳ ಜೊತೆ ಕರ್ನಾಟಕವೂ ಇದೆ.

ಇಷ್ಟು ಹೇಳಿದ ಮೇಲೆ ನೆಲದ ಮಾತಿಗೆ ಬರುತ್ತೇನೆ.

ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಸಾಲಾಗಿ ಇಳಿದು ಹೋಗುವ ಗದ್ದೆಗಳಿಗೆ ನಮ್ಮಲ್ಲಿ ಬೈಲು ಅನ್ನುತ್ತಾರೆ. ಬೈಲಿನ ನಡುವೆ ಒಂದು ತೋಡು ಇರುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ನೀರೆಲ್ಲ ಗದ್ದೆಯಿಂದ ಗದ್ದೆಗೆ ಇಳಿದು ಈ ತೋಡು ಸೇರಿ ಹೊಳೆಗೆ ಹೋಗುತ್ತದೆ. ನಮ್ಮ ಬೈಲಿನಲ್ಲಿ ಹಿಂದೆ ಮಳೆಗಾಲದ ಏಣಿಲು, ಆಮೇಲಿನ ಸುಗ್ಗಿ, ಹೀಗೆ ಎರಡು ಭತ್ತದ ಬೆಳೆ ಆಗುತ್ತಿತ್ತು. ನೀರು ಉಳಿದ ತಗ್ಗಿನ ಗದ್ದೆಗಳಲ್ಲಿ ಬೇಸಿಗೆಯ ಕೊಳಕೆ ಬೆಳೆಯೂ ಇತ್ತು.

ಆಗಲೂ ಇಲಿ ಇತ್ತು. ಇಲಿ ಜ್ವರವೂ ಇತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಗದ್ದೆ ಕೆಲಸ ಮಾಡುವವರ ಕಾಯಿಲೆ ಅಂತಲೂ ವೈದ್ಯರು ಇದನ್ನು ಗುರುತಿಸಿದ್ದಾರೆ. ಆದರೆ ಬೇಸಾಯ ನಡೆಯುತ್ತಿದ್ದ ಗದ್ದೆಯಲ್ಲಿ ಹೆಗ್ಗಣಕ್ಕೆ ನೆಮ್ಮದಿ ಇರಲಿಲ್ಲ. ಮಳೆ ಹಿಡಿದ ಕೂಡಲೇ ಉಳುಮೆ. ಗದ್ದೆಗೆ ನೀರು ಕಟ್ಟಿದರೆ ಬಿಲಗಳು ತುಂಬುತ್ತಿದ್ದವು. ಅಂಚು ಕೆತ್ತಿ ಹೊಸ ಕೆಸರು ಮೆತ್ತುವಾಗ ಉಳಿದ ಬಿಲಗಳೂ ಮುಚ್ಚಿಹೋಗುತ್ತಿದ್ದವು. ಹುಲ್ಲು ದನಕ್ಕೆ ಬೇಕಿತ್ತು, ಹಾಗಾಗಿ ಪೊದೆ ಬೆಳೆಯಲು ಬಿಡುತ್ತಿರಲಿಲ್ಲ. ಕೊಯ್ಲು ಮುಗಿದ ಮೇಲೆ ಇಲಿಗೆ ತಿನ್ನಲು ಜಾಸ್ತಿ ಏನೂ ಉಳಿಯುತ್ತಿರಲಿಲ್ಲ. ಕೇರೆ ಹಾವು, ಗೂಬೆ, ಮುಂಗುಸಿ, ಕಾಡುಬೆಕ್ಕು, ನರಿ ತಮ್ಮ ಪಾಲಿನ ಕೆಲಸ ಮಾಡುತ್ತಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ನೀರು ಹರಿಯುತ್ತಿತ್ತು. ತೋಡಿಗೆ ಕಸ ಕಡಿದು ಹೂಳು ತೆಗೆಯುವುದು ಊರವರೆಲ್ಲ ಸೇರಿ ಮಾಡುವ ಕೆಲಸವಾಗಿತ್ತು.

ಆಮೇಲೆ ಗದ್ದೆ ಹಡಿಲು, ಅಂದರೆ ಬೇಸಾಯವಿಲ್ಲದೆ ಪಾಳು ಬೀಳತೊಡಗಿತು. ಮಕ್ಕಳು ಮುಂಬಯಿ, ಬೆಂಗಳೂರು, ಗಲ್ಫ್ ಅಂತ ಹೋದರು. ನಾಟಿಗೆ ಆಳು ಸಿಗಲಿಲ್ಲ. ಭತ್ತಕ್ಕೆ ಸಿಕ್ಕ ಬೆಲೆ ಕೂಲಿಗೇ ಸಾಲಲಿಲ್ಲ. ಗದ್ದೆ ಬಿಟ್ಟವರನ್ನು ದೂರಲು ನನಗೆ ಮನಸ್ಸಿಲ್ಲ, ನಮ್ಮ ಮನೆಯ ಗದ್ದೆಯೂ ಕೆಲವು ವರ್ಷ ಹಡಿಲು ಬಿದ್ದಿತ್ತು. ಹಡಿಲು ಗದ್ದೆಯಲ್ಲಿ ಮೊದಲ ವರ್ಷ ಹುಲ್ಲು, ಮರುವರ್ಷ ಪೊದೆ. ಇಲಿ ಬಿಲ ಅಗೆದರೆ ಕೇಳುವವರಿಲ್ಲ. ಪಕ್ಕದ ಒಂದೆರಡು ಗದ್ದೆಗಳಲ್ಲಿ ಇನ್ನೂ ಭತ್ತ ಇದ್ದರೆ ಅಲ್ಲಿ ಊಟ, ಇಲ್ಲಿ ವಾಸ. ಉಳಿದ ಬೇಸಾಯಗಾರನಿಗೆ ಆ ನಷ್ಟ ತಡೆಯಲಾಗದೆ ಅವನೂ ಬಿಟ್ಟ. ಕೆಲವರು ಗದ್ದೆಗೆ ಮಣ್ಣು ಹಾಕಿ ಅಡಿಕೆ ಇಟ್ಟರು. ಅಡಿಕೆ, ತೆಂಗು, ಕೊಕ್ಕೊ ಇದ್ದಲ್ಲಿ ಇಲಿಗೆ ವರ್ಷವಿಡೀ ತಿಂಡಿ. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ನೀರಿನಿಂದ ನೆಲವೂ ತಣ್ಣಗೆ ಒದ್ದೆಯಾಗಿರುತ್ತದೆ. ಬಸಿಗಾಲುವೆಗೆ ಬರಿಗಾಲಲ್ಲಿ ಇಳಿದು ಅಡಿಕೆ ಹೆಕ್ಕುವ ಹೆಂಗಸರನ್ನು ನಾನು ಜ್ವರದ ಪಟ್ಟಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ.

ಮೂರನೆಯದಾಗಿ ಬಂದದ್ದು ಲೇಔಟ್. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಯಿತು. ಕೃಷಿ ಭೂಮಿ ಯಾರು ಬೇಕಾದರೂ ಕೊಳ್ಳಬಹುದು ಅಂತಾಯಿತು. ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತನೆ ಮಾಡಿಸಲು ಅರ್ಜಿ ಹಾಕುವುದೂ ಸುಲಭವಾಗಿದೆ. ಪಹಣಿ, 11ಇ ಅನ್ನುವ ಸರ್ವೆ ನಕ್ಷೆ, ಒಂದು ಅಫಿಡವಿಟ್, ಎಲ್ಲ ಆನ್‌ಲೈನ್. ಜನರ ಓಡಾಟ ತಪ್ಪಿತು, ಒಳ್ಳೆಯದೇ. ಆದರೆ ಆ ಅರ್ಜಿಯ ಕಾಗದಗಳಲ್ಲಿ ಮಳೆಗಾಲದ ನೀರು ಎಲ್ಲಿ ಕಾಣುತ್ತದೆ, ಹೇಳಿ?

ನಮ್ಮ ಬೈಲಿನ ಮೇಲಿನ ಭಾಗಕ್ಕೆ ಪರಿವರ್ತನೆ ಆದೇಶ ಆಯಿತು. ಗುಡ್ಡ ಕಡಿದು ಕೆಂಪು ಮಣ್ಣು ತಂದು ಗದ್ದೆ ಏರಿಸಿದರು. ನಡುವೆ ಹರಿಯುತ್ತಿದ್ದ ಅಗಲದ ತೋಡು ಒಂದು ಸಿಮೆಂಟ್ ಪೈಪಿನೊಳಗೆ ಹೋಯಿತು. ಕಾಂಕ್ರೀಟ್ ರಸ್ತೆ, ಸೈಟುಗಳಿಗೆ ನಂಬರ್ ಕಲ್ಲು, ಒಂದು ಗೇಟು. ಸೈಟು ಎಲ್ಲವೂ ಮಾರಾಟವಾಯಿತು. ಮನೆ ಕಟ್ಟಿದವರು ಕೆಲವರು. ಉಳಿದವು ದುಡ್ಡು ಹಾಕಿ ಇಟ್ಟ ಸೈಟುಗಳು, ಮಾಲೀಕರು ದೂರದ ಊರುಗಳಲ್ಲಿದ್ದಾರೆ. ಅಲ್ಲಿ ಈಗ ಆಳೆತ್ತರದ ಪೊದೆ. ಕೆಲಸಗಾರರ ಶೆಡ್ಡುಗಳು ಬಂದವು, ಅವರಿಗೆ ಶೌಚಾಲಯ, ಕಸದ ತೊಟ್ಟಿ ಅಂತ ಯಾರೂ ಮಾಡಿಕೊಡಲಿಲ್ಲ. ಜನ ಇಲ್ಲದ ಜಾಗ ಅಂತ ಗೊತ್ತಾದ ಮೇಲೆ ರಾತ್ರಿ ಹೊತ್ತು ಹೋಟೆಲಿನ ಎಂಜಲು, ಕೋಳಿ ಅಂಗಡಿಯ ಕಸ ಚೀಲಗಟ್ಟಲೆ ಬಂದು ಬೀಳತೊಡಗಿತು.

ಪೈಪು ಸಾಕಾಗಲಿಲ್ಲ. ಮೊದಲ ದೊಡ್ಡ ಮಳೆಗೇ ನೀರು ಹಿಂದಕ್ಕೆ ತಿರುಗಿ ಕೆಳಗಿನ ಮನೆಗಳ ಅಂಗಳಕ್ಕೆ ಬಂತು. ಹಿಂದೆ ಒಂದು ರಾತ್ರಿಯಲ್ಲಿ ಇಳಿದುಹೋಗುತ್ತಿದ್ದ ನೀರು ಈಗ ದಿನಗಟ್ಟಲೆ ನಿಲ್ಲುತ್ತದೆ. ಬಿಲಕ್ಕೆ ನೀರು ನುಗ್ಗಿದಾಗ ಹೆಗ್ಗಣಗಳು ಎತ್ತರದ ಜಾಗಕ್ಕೆ ಓಡುತ್ತವೆ. ಎತ್ತರದ ಜಾಗ ಅಂದರೆ ಹಟ್ಟಿ, ಸೌದೆ ಕೊಟ್ಟಿಗೆ, ಅಡಿಗೆ ಮನೆ.

ಅಲ್ಲಿ ಕೆಳಗಿನ ಸಾಲಿನ ಮನೆಯೊಂದರ ಯಜಮಾನರು ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಮನೆಯವರಿಗೆ ಅದು ಬೇಡ. ಕೂಲಿ ಕೆಲಸ, ಎರಡು ದನ, ಮಕ್ಕಳಿನ್ನೂ ಕಾಲೇಜಿನಲ್ಲಿ. ಪ್ರತಿ ದಿನ ಆ ನಿಂತ ನೀರಿನಲ್ಲಿ ಮೊಣಕಾಲವರೆಗೆ ಇಳಿದೇ ದನಕ್ಕೆ ಹುಲ್ಲು ತರುತ್ತಿದ್ದರು. ಕಾಲಿನಲ್ಲಿ ಕತ್ತಿ ತಾಗಿದ ಗಾಯ ಇತ್ತು. ಜ್ವರ ಬಂದಾಗ ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡು ಮೆಡಿಕಲ್ ಅಂಗಡಿಯ ಮಾತ್ರೆ ತೆಗೆದುಕೊಂಡರು. ಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಂಡರು. ಕೂಲಿ ತಪ್ಪಿಸಬಾರದು ಅಂತ ಒಂದು ದಿನ ಜ್ವರದಲ್ಲೇ ಕೆಲಸಕ್ಕೂ ಹೋದರು. ಕಣ್ಣು ಹಳದಿಯಾದಾಗ ಕಾಮಾಲೆ ಅಂತ ಹಳ್ಳಿಯ ಮದ್ದು ಮಾಡಿಸಿದರು. ಪೇಟೆಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂತ್ರ ನಿಂತಿತ್ತು. ಡಯಾಲಿಸಿಸ್ ಮಾಡಿದರು. ಉಳಿಯಲಿಲ್ಲ. ಅದೇ ಮಳೆಗಾಲದಲ್ಲಿ ಆ ಸಾಲಿನ ಬೇರೆ ಮನೆಗಳಲ್ಲೂ ಜ್ವರ ಬಂತು. ಅವರು ಬೇಗ ಆಸ್ಪತ್ರೆಗೆ ಹೋಗಿ ಗುಣವಾದರು.

ಆ ಮನೆಗೆ ಇಲಾಖೆಯ ಪರವಾಗಿ ವಿವರ ಬರೆದುಕೊಳ್ಳಲು ಹೋದವನು ನಾನು. ವಯಸ್ಸು, ಕೆಲಸ, ಜ್ವರ ಶುರುವಾದ ದಿನ, ನೀರಿಗೆ ಇಳಿದಿದ್ದರೋ, ದನ ಇದೆಯೋ, ಎಲ್ಲಕ್ಕೂ ಕಾಲಂ ಇತ್ತು. ಆ ನೀರು ಅಲ್ಲಿ ಯಾಕೆ ನಿಂತಿದೆ ಅಂತ ಬರೆಯಲು ಜಾಗ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕೈಗೊಂಡ ಕ್ರಮ: ಆರೋಗ್ಯ ಶಿಕ್ಷಣ ನೀಡಲಾಗಿದೆ. ಗಂಡನನ್ನು ಕಳೆದುಕೊಂಡವರ ಮುಂದೆ ನಿಂತು, ನೀರಿಗೆ ಇಳಿಯಬೇಡಿ ಅಂತ ಹೇಳಿ ಬಂದೆ. ಇಳಿಯದೆ ಅವರು ತಮ್ಮ ಮನೆಯಿಂದ ಹೊರಗೆ ಬರುವ ಹಾಗೇ ಇರಲಿಲ್ಲ.

ಊರವರು ದೂರು ಕೊಟ್ಟರು. ಪಂಚಾಯತಿನವರು ಇದು ಕಂದಾಯದವರ ವಿಷಯ ಅಂದರು. ಕಂದಾಯದವರು ನಕ್ಷೆ ಅನುಮೋದನೆ ಮಾಡಿದವರನ್ನು ಕೇಳಿ ಅಂದರು. ಅವರು, ನಕ್ಷೆಯಲ್ಲಿ ಚರಂಡಿ ತೋರಿಸಿದ್ದಾರೆ, ಕಟ್ಟಿಸುವುದು ಲೇಔಟಿನವರ ಹೊಣೆ ಅಂದರು. ಲೇಔಟಿನವರು ಸೈಟು ಮಾರಿ ಮುಗಿಸಿದ್ದರು. ಆರೋಗ್ಯದವರು ಬಂದು ಫಾಗಿಂಗ್ ಮಾಡಿದರು. ಫಾಗಿಂಗ್ ಮಾಡುವುದು ಸೊಳ್ಳೆಗೆ. ಅದು ಅವರಿಗೂ ಗೊತ್ತು. ಜನ ಕೇಳುತ್ತಿರುವಾಗ ಏನಾದರೂ ಮಾಡಿ ತೋರಿಸಬೇಕಲ್ವಾ, ಅಷ್ಟೇ.

ಆ ಲೇಔಟಿನಿಂದಲೇ ಆ ಸಾವು ಆಯಿತು ಅಂತ ನಾನು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಯಾವ ಇಲಿ, ಯಾವ ನೀರು ಅಂತ ಯಾರೂ ಹೇಳಲಾರರು. ನಾನು ಹೇಳುವುದು ಇಷ್ಟೇ. ನೆಲದ ಬಳಕೆ ಬದಲಾದಾಗ ಮೊದಲು ಸಾಯುವುದು, ಊರು ಬಿಡುವುದು ದೊಡ್ಡ ಪ್ರಾಣಿಗಳು, ನಿಧಾನಕ್ಕೆ ಮರಿ ಹಾಕುವವು. ಉಳಿದು ಹೆಚ್ಚುವುದು ಬೇಗ ಬೇಗ ಮರಿ ಹಾಕುವ, ಸಿಕ್ಕಿದ್ದನ್ನು ತಿನ್ನುವ ಜೀವಿಗಳು. ಇಲಿ ಮೂರೇ ವಾರಕ್ಕೆ ಮರಿ ಹಾಕುತ್ತದೆ. ಆ ಮರಿ ಎರಡು ಮೂರು ತಿಂಗಳಲ್ಲಿ ತಾನೂ ಮರಿ ಹಾಕುವಷ್ಟು ಬೆಳೆದಿರುತ್ತದೆ. 2020ರಲ್ಲಿ ವಿಜ್ಞಾನಿಗಳು ಪ್ರಪಂಚದ ಬೇರೆ ಬೇರೆ ಕಡೆಯ 6,801 ಜೀವಿ ಸಮುದಾಯಗಳ ಮಾಹಿತಿಯನ್ನು ಒಟ್ಟು ಹಾಕಿ ನೋಡಿದರು. ಕಾಡು ಹೊಲವಾದಲ್ಲಿ, ಹೊಲ ಪೇಟೆಯಾದಲ್ಲಿ, ಮನುಷ್ಯರಿಗೆ ರೋಗ ದಾಟಿಸಬಲ್ಲ ಪ್ರಾಣಿಗಳ ಪಾಲು ಹೆಚ್ಚಾಗಿತ್ತು. ಅದು ಎದ್ದು ಕಂಡ ಗುಂಪುಗಳಲ್ಲಿ ಇಲಿ ಜಾತಿಯವೂ ಇದ್ದವು. ಜ್ವರದ ಪಟ್ಟಿ ಹಿಡಿದು ಬೈಲಿನಿಂದ ಬೈಲಿಗೆ ನಡೆದವನಿಗೆ ಇದು ಹೊಸ ಸುದ್ದಿ ಅನಿಸಲಿಲ್ಲ.

ದೂರದ ಉದಾಹರಣೆ ಯಾಕೆ, ನಮ್ಮ ರಾಜ್ಯದ್ದೇ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದು, ಮಂಗನ ಕಾಯಿಲೆ ಪ್ರಪಂಚಕ್ಕೆ ಗೊತ್ತಾಯಿತು. ಹೆಸರು ಮಂಗನದ್ದಾದರೂ ಅದರ ವೈರಸ್ಸನ್ನು ದಾಟಿಸುವುದು ಉಣುಗು (ಉಣ್ಣೆ ಹುಳ). ಆ ಉಣುಗಿನ ಮರಿಗಳಿಗೆ ರಕ್ತ ಕೊಟ್ಟು ಬೆಳೆಸುವುದರಲ್ಲಿ ಕಾಡಿಲಿ, ಮೂಗಿಲಿಗಳ ಪಾಲು ದೊಡ್ಡದು. ಕಾಡಿನ ಅಂಚು ಕಡಿದು ಗದ್ದೆ ಮಾಡಿದ್ದು, ಅದೇ ಅಂಚಿನಲ್ಲಿ ದನ ಮೇಯಿಸಿದ್ದು ಉಣುಗು ಹೆಚ್ಚಲು ಕಾರಣ ಅಂತ ಅಂದಿನ ವಿಜ್ಞಾನಿಗಳೇ ಬರೆದಿದ್ದಾರೆ. 1983ರಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ ಕಡೆ ಈ ಕಾಯಿಲೆ ಜೋರಾಗಿ ಎದ್ದಿತು. ಅಲ್ಲಿ ಗೇರು ತೋಟ ಮಾಡಲು ಕಾಡು ಕಡಿದಿದ್ದರು. ಸಾವಿರಕ್ಕೂ ಹೆಚ್ಚು ಜನರಿಗೆ ಜ್ವರ ಬಂತು, ಎಷ್ಟೋ ಜನ ತೀರಿಕೊಂಡರು. ಆ ತಾಲೂಕಿನ ಹಿರಿಯರನ್ನು ಕೇಳಿದರೆ ಈಗಲೂ ಹೇಳುತ್ತಾರೆ.

ಪೊದೆ ಬೆಳೆದ ಹಡಿಲು ಗದ್ದೆಗಳಿಂದ ಬರುವ ಇನ್ನೊಂದು ಕಾಯಿಲೆ ಸ್ಕ್ರಬ್ ಟೈಫಸ್. ಇದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಆ ನುಸಿಯ ಮರಿ ಇಲಿಯ ಮೈಮೇಲೆ ಬದುಕುತ್ತದೆ. ಪೊದೆಗೆ ಮೈ ತಾಗಿದಾಗ ಮನುಷ್ಯನನ್ನೂ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಕಲೆ ಆಗುವುದುಂಟು. ಇದಕ್ಕೂ ಡಾಕ್ಸಿಸೈಕ್ಲಿನ್ನೇ ಮದ್ದು.

ಪೇಟೆಯ ಕತೆ ಬೇಕಾದರೆ ಮುಂಬಯಿ ನೋಡಿ. 2005ರ ಜುಲೈ 26ರಂದು ಅಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮೀಠಿ ನದಿಯ ಎರಡೂ ದಡ ಒತ್ತಿ ಕಟ್ಟಿದ್ದರಿಂದ ನೀರಿಗೆ ದಾರಿ ಇರಲಿಲ್ಲ. ನೀರು ಇಳಿದ ಮೇಲೆ ಇಲಿ ಜ್ವರ ಎದ್ದಿತು. ನಮ್ಮ ಕರಾವಳಿಗೆ ದೊಡ್ಡ ಮಳೆ ಪ್ರತಿ ವರ್ಷದ ಮಾತು. ನೀರಿನ ದಾರಿ ಮುಚ್ಚುವುದು ಮಾತ್ರ ನಾವೇ ಮಾಡಿಕೊಳ್ಳುತ್ತಿರುವ ಕೆಲಸ.

ಇಲಿಯಿಂದ ಬರುವ ರೋಗಕ್ಕೆ ನೆಲದ ನಕ್ಷೆಯೇ ಮದ್ದು ಅನ್ನುವುದು ನಮ್ಮ ಆಡಳಿತಕ್ಕೆ ಒಂದು ಕಾಲದಲ್ಲಿ ಚೆನ್ನಾಗಿ ಗೊತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮೈಸೂರು ಸರ್ಕಾರ ಸುಮ್ನೆ ಮದ್ದು ಹಂಚಿ ಕೂರಲಿಲ್ಲ. ಒತ್ತೊತ್ತಾದ ಪೇಟೆಯಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿತು. ಅಗಲ ರಸ್ತೆ, ಮನೆಗೆ ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸಲು ಬೇರೆಯೇ ಓಣಿ. ಬಡಾವಣೆ ಮಾಡುವವರಿಗೆ ಆಗ ರೋಗದ ನೆನಪಿತ್ತು. ಇಂದು ಬಡಾವಣೆಗೆ ಅನುಮತಿ ಕೊಡುವ ಯಾವ ಮೇಜಿನಲ್ಲೂ ಆರೋಗ್ಯದವರಿಗೆ ಕುರ್ಚಿ ಇಲ್ಲ ಅನ್ನುವುದು ನನ್ನ ಸಂಕಟ.

ಇನ್ನು ನನ್ನ ಬೇಡಿಕೆಗಳು.

ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಪರಿವರ್ತನೆಯ ಅಧಿಕಾರ ತಮ್ಮದು. ಬೈಲು ಗದ್ದೆಯ ಅರ್ಜಿ ಬಂದಾಗ ತಾಲೂಕು ಆರೋಗ್ಯಾಧಿಕಾರಿಯ ಅಭಿಪ್ರಾಯ ಕೇಳಿ. ಹೊಸ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು ಅಂತ ನನ್ನ ನಂಬಿಕೆ. ಗುಡ್ಡದ ಮೇಲಿನ ಒಣ ಜಾಗಕ್ಕೂ ತಗ್ಗಿನ ಬೈಲಿಗೂ ಒಂದೇ ಅಳತೆ ಹಿಡಿಯಬೇಡಿ. ಮನೆ ಬೇಕು ಅನ್ನುವವರ ವಿರುದ್ಧ ನಾನಿಲ್ಲ. ನಮ್ಮ ಮಕ್ಕಳಿಗೂ ಮನೆ ಬೇಕು. ಕಟ್ಟಲು ಗುಡ್ಡದ ಬದಿಯಲ್ಲಿ, ಎತ್ತರದ ಬೆಟ್ಟು ಗದ್ದೆಗಳಲ್ಲಿ ಜಾಗ ಇರುವಾಗ ನೀರಿನ ದಾರಿಯನ್ನೇ ತುಂಬಿಸುವುದು ಬೇಡ ಅಂತ ಕೇಳುತ್ತಿದ್ದೇನೆ.

ಸ್ಥಳ ಪರಿಶೀಲನೆಯನ್ನು ಮಳೆಗಾಲದಲ್ಲಿ ಮಾಡಿಸಿ. ಇದು ನನ್ನ ಮುಖ್ಯ ಬೇಡಿಕೆ. ಮಾರ್ಚ್‌ ತಿಂಗಳಲ್ಲಿ ಬಂದವರಿಗೆ ಬೈಲು ಒಣ ಮೈದಾನ, ತೋಡು ಒಂದು ಸಣ್ಣ ಗೆರೆ. ಅದೇ ಜಾಗಕ್ಕೆ ಆಟಿಯಲ್ಲಿ, ಅಂದರೆ ಜುಲೈ ಕೊನೆಗೆ ಬಂದರೆ ಪೈಪು ಎಷ್ಟು ದೊಡ್ಡದಿರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ತೋಡನ್ನು ಪೈಪಿಗೆ ತುರುಕಲು ಅನುಮತಿಯನ್ನೇ ಕೊಡಬೇಡಿ. ಇದ್ದ ಅಗಲ ಇದ್ದ ಹಾಗೆ ಇರಲಿ. ಒಂದು ಮಳೆಗಾಲ ಕಳೆದು, ನೀರು ಸರಿಯಾಗಿ ಹರಿಯಿತು ಅಂತ ಖಾತ್ರಿಯಾದ ಮೇಲೆಯೇ ಲೇಔಟಿನ ಉಳಿದ ಸೈಟುಗಳನ್ನು ಬಿಡುಗಡೆ ಮಾಡಲಿ.

ಖಾಲಿ ಸೈಟಿನ ಪೊದೆ ಕಡಿಸುವುದು ಮಾಲೀಕರ ಹೊಣೆ ಅಂತ ಮಾಡಿ. ಅವರು ಕಡಿಸದಿದ್ದರೆ ಪಂಚಾಯತಿ ಕಡಿಸಿ ಖರ್ಚನ್ನು ತೆರಿಗೆಯ ಜೊತೆ ವಸೂಲಿ ಮಾಡಲಿ. ಕೆಲಸಗಾರರ ಶೆಡ್ಡಿಗೆ ಶೌಚಾಲಯ, ಕಸದ ವ್ಯವಸ್ಥೆ ಇಲ್ಲದೆ ಕೆಲಸ ಶುರುವಾಗಬಾರದು. ಕೋಳಿ ಅಂಗಡಿ, ಹೋಟೆಲಿನ ಕಸ ಎಲ್ಲಿಗೆ ಹೋಗುತ್ತದೆ ಅಂತ ಲೈಸೆನ್ಸ್ ನವೀಕರಿಸುವಾಗ ಕೇಳಲಿ.

ಪೊಲೀಸರು ಅಪಘಾತ ಜಾಸ್ತಿ ಆಗುವ ತಿರುವುಗಳಿಗೆ ಗುರುತು ಹಾಕುತ್ತಾರಲ್ವಾ, ಜ್ವರಕ್ಕೂ ಅಂಥ ನಕ್ಷೆ ಬೇಕು. ಇಲಿ ಜ್ವರ ಬಂದವರ ಊರು, ದಿನಾಂಕ ಆರೋಗ್ಯ ಇಲಾಖೆಯ ಕಂಪ್ಯೂಟರಿನಲ್ಲಿದೆ. ಪರಿವರ್ತನೆಯಾದ ಸರ್ವೆ ನಂಬರುಗಳು ತಮ್ಮ ಇಲಾಖೆಯಲ್ಲಿವೆ. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಕಳೆದ 10 ವರ್ಷದ ಎರಡೂ ಪಟ್ಟಿಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟು ನೋಡಿ. ರೋಗಿಗಳ ಹೆಸರು ಬೇಡ, ಊರು ಸಾಕು. ನಾನು ಹೇಳಿದ್ದು ತಪ್ಪಾಗಿದ್ದರೆ ಆ ನಕ್ಷೆಯಲ್ಲೇ ಗೊತ್ತಾಗುತ್ತದೆ. ಸರಿಯಾಗಿದ್ದರೆ ಮುಂದಿನ ಮಳೆಗೆ ಯಾವ ಊರಿಗೆ ಮೊದಲು ಮಾತ್ರೆ, ಬೂಟು ಕಳಿಸಬೇಕು ಅಂತ ಮೇ ತಿಂಗಳಲ್ಲೇ ತಿಳಿಯುತ್ತದೆ.

ಬೂಟಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಚರಂಡಿ, ತೋಡು ಸ್ವಚ್ಛ ಮಾಡುವವರಿಗೆ, ಉದ್ಯೋಗ ಖಾತ್ರಿ ಕೆಲಸದವರಿಗೆ, ತೋಟದ ಕೂಲಿಯವರಿಗೆ ಮಳೆ ಶುರುವಾಗುವ ಮುಂಚೆ ಗಂಬೂಟು, ಗ್ಲೌಸು ಸಿಗಬೇಕು. ನೀರಿನಲ್ಲೇ ಕೆಲಸ ಮಾಡಬೇಕಾದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಇದೆ. 2018ರ ನೆರೆಯ ಸಮಯದಲ್ಲಿ ಕೇರಳದಲ್ಲಿ ಇದನ್ನು ದೊಡ್ಡದಾಗಿ ಮಾಡಿದರು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಅದು ಆಗುವುದಿಲ್ಲ. ಹಾಗಾಗಿ ವೈದ್ಯರ ಸಲಹೆಯ ಮೇಲೆಯೇ ಕೊಡಬೇಕು. ಮೆಡಿಕಲ್ ಅಂಗಡಿಯವರಿಗೂ ಒಂದು ಸೂಚನೆ ಹೋಗಲಿ: ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು ಅಂತ ಬಂದವರಿಗೆ ಮಾತ್ರೆ ಕೊಟ್ಟು ಕಳಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳಬೇಕು. ಮೊದಲ ದಿನಗಳಲ್ಲಿ ಐಜಿಎಂ ಅನ್ನುವ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲ ಅಂತ ಬರಬಹುದು. ಅನುಮಾನ ಇದ್ದರೆ ರಿಪೋರ್ಟಿಗೆ ಕಾಯದೆ ಮದ್ದು ಶುರು ಮಾಡಬೇಕು ಅನ್ನುವುದನ್ನು ಡಾಕ್ಟರುಗಳಿಗೂ ಪ್ರತಿ ವರ್ಷ ನೆನಪಿಸಬೇಕು.

ದಯವಿಟ್ಟು ಊರಿಗೆಲ್ಲ ಇಲಿ ಪಾಷಾಣ ಹಂಚಿ ಕೈ ತೊಳೆದುಕೊಳ್ಳಬೇಡಿ. ವಿಷ ತಿಂದ ಇಲಿಯನ್ನು ತಿಂದು ಗೂಬೆ, ಹಾವು, ಬೆಕ್ಕುಗಳೂ ಸಾಯುವುದುಂಟು. ಕಸ, ಪೊದೆ, ನೀರು ಇದ್ದ ಹಾಗೆಯೇ ಇದ್ದರೆ ಸತ್ತ ಇಲಿಗಳ ಜಾಗಕ್ಕೆ ಕೆಲವೇ ತಿಂಗಳಲ್ಲಿ ಬೇರೆ ಇಲಿ ಬರುತ್ತವೆ.

ಹಡಿಲು ಬಿದ್ದ ಬೈಲುಗಳನ್ನು ಮತ್ತೆ ಬೆಳೆಗೆ ತರಲು ಉಡುಪಿ ಜಿಲ್ಲೆಯಲ್ಲಿ 2021ರಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು. ಎಷ್ಟೋ ಕಡೆ ವರ್ಷಗಳ ಮೇಲೆ ಮತ್ತೆ ನೇಜಿ (ಭತ್ತದ ಸಸಿ) ಕಂಡು ಹಿರಿಯರು ಕಣ್ಣೀರು ಹಾಕಿದರು. ಅಂಥ ಕೆಲಸವನ್ನು ಅಕ್ಕಿಗಾಗಿ ಅಂತ ಮಾತ್ರ ನೋಡದೆ ಆರೋಗ್ಯದ ಕೆಲಸ ಅಂತಲೂ ನೋಡಿ ನೆರವು ಕೊಡಿ. ನಾಟಿ ಯಂತ್ರ, ಕಟಾವು ಯಂತ್ರ ಸರಿಯಾದ ಬಾಡಿಗೆಗೆ, ಸರಿಯಾದ ಸಮಯಕ್ಕೆ ಸಿಕ್ಕರೆ ಬೇಸಾಯ ಬಿಟ್ಟವರಲ್ಲಿ ಕೆಲವರಾದರೂ ಮರಳಿ ಬರುತ್ತಾರೆ. ತೋಡಿನ ಹೂಳು ತೆಗೆಯುವುದನ್ನು ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಉದ್ಯೋಗ ಖಾತ್ರಿಯ ಮೊದಲ ಕೆಲಸವಾಗಿ ಇಡಿ.

ಈ ಪತ್ರದ ಪ್ರತಿಯನ್ನು ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೂ ಕಳಿಸುತ್ತಿದ್ದೇನೆ. ನಮ್ಮ ಊರಿನ ಅರ್ಜಿಯನ್ನು ಸರ್ವೆ ನಂಬರುಗಳ ಜೊತೆ ಬೇರೆಯಾಗಿ ಕೊಟ್ಟಿದ್ದೇವೆ. ಅದಕ್ಕೆ ಬಾಯಿ ಮಾತಿನ ಭರವಸೆ ಬೇಡ, ಬರವಣಿಗೆಯಲ್ಲಿ ಉತ್ತರ ಕೊಡಿ. ಮುಂದಿನ ಆಟಿಯಲ್ಲಿ ಕಂದಾಯ, ಆರೋಗ್ಯ, ಪಂಚಾಯತಿ ಮೂರೂ ಇಲಾಖೆಯವರು ಒಂದೇ ದಿನ, ಒಟ್ಟಿಗೆ ನಮ್ಮ ಬೈಲಿಗೆ ಬರುವಂತೆ ದಿನ ಗೊತ್ತು ಮಾಡಿ. ತೋಡು ಮೊದಲು ಎಲ್ಲಿ ಹರಿಯುತ್ತಿತ್ತು ಅಂತ ಕೋಲು ಊರಿ ತೋರಿಸಲು ನಮ್ಮ ಹಿರಿಯರು ತಯಾರಿದ್ದಾರೆ. ಬರುವಾಗ ಎಲ್ಲರೂ ಗಂಬೂಟು ಹಾಕಿಕೊಂಡು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಿವೃತ್ತ ಆರೋಗ್ಯ ಸಹಾಯಕ